ಪರದೆ ಕಪ್ಪಾಗಬೇಕಿತ್ತು

ಘಾಟ್ಕೋಪರ್‌ನಿಂದ ಅಂಧೇರಿಗೆ ಮೆಟ್ರೊ ಓಡಲು ಶುರುವಾಗಿ ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ನಾನು ಅದೇ ದಾರಿಯನ್ನು ಬಸ್ಸಿನಲ್ಲಿ ಸವೆಸಿದ್ದೆ. ಅಂಧೇರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೇ ಮಹಡಿಯಲ್ಲಿ ನಮ್ಮ ಕಂಪನಿ. ಆಸ್ಪತ್ರೆಗಳಿಗೆ ಬೇಕಾದ ಮಾನಿಟರ್‌ಗಳನ್ನು ತಯಾರಿಸುವ ಚಿಕ್ಕ ಸಂಸ್ಥೆ. ನಾನು ಅಲ್ಲಿ ಸಾಫ್ಟ್‌ವೇರ್ ವಿಭಾಗದ ಹಿರಿಯ ಎಂಜಿನಿಯರ್. ಕರ್ನಲ್ ಡ್ರೈವರ್ ಬರೆಯುವುದು ನನ್ನ ಕೆಲಸ.

ಮನೆಗೆ ಬಂದ ನೆಂಟರು ಹಾಗೆಂದರೇನು ಎಂದು ಕೇಳಿದಾಗ ನಾನು ಹೇಳುತ್ತಿದ್ದದ್ದು ಇಷ್ಟು. ಕಂಪ್ಯೂಟರಿನ ಒಳಗೆ ಎಲ್ಲವನ್ನೂ ನಡೆಸುವ ಯಜಮಾನ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. ಪರದೆ, ಮೆಮೊರಿ, ನೆಟ್‌ವರ್ಕ್ ಹೀಗೆ ಒಂದೊಂದು ಭಾಗದ ಜೊತೆ ವ್ಯವಹರಿಸಲು ಅದಕ್ಕೆ ಒಬ್ಬೊಬ್ಬ ಆಳು ಬೇಕು. ಆ ಆಳೇ ಡ್ರೈವರ್. ಆಳುಗಳು ತಮ್ಮ ತಮ್ಮ ಕೆಲಸದಲ್ಲಿ ಗಟ್ಟಿಗರು, ಪಕ್ಕದವನ ಗೊಡವೆ ಅವರಿಗಿಲ್ಲ. ನೆಂಟರು ಇಷ್ಟು ಕೇಳಿ ಕಾಫಿ ಲೋಟ ಕೆಳಗಿಟ್ಟು ಬೇರೆ ಮಾತಿಗೆ ಹೋಗುತ್ತಿದ್ದರು.

ನಮ್ಮದು ಮೈಸೂರು ಕಡೆಯ ಕುಟುಂಬ. ಅಪ್ಪನ ವರ್ಗಾವಣೆಯ ಜೊತೆ ಮುಂಬಯಿಗೆ ಬಂದು ಇಲ್ಲೇ ಉಳಿದವರು. ಆಫೀಸಿನಲ್ಲಿ ಇಡೀ ದಿನ ಹಿಂದಿ, ಮರಾಠಿ, ಇಂಗ್ಲಿಷ್. ನನ್ನ ಜೊತೆ ಕನ್ನಡ ಆಡುತ್ತಿದ್ದವರು ಒಬ್ಬರೇ, ಹಾರ್ಡ್‌ವೇರ್ ಪರೀಕ್ಷೆ ಮಾಡುವ ಸದಾನಂದ ಕೋಟ್ಯಾನ್. ಉಡುಪಿ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಐಟಿಐ ಮುಗಿಸಿ, ರೇಡಿಯೊ ರಿಪೇರಿಯಿಂದ ಶುರುಮಾಡಿ ನಮ್ಮ ಲ್ಯಾಬಿಗೆ ಬಂದು ನಿಂತಿದ್ದರು. ಬೋರ್ಡು ಕೈಗೆತ್ತಿಕೊಂಡರೆ ಮೊದಲು ಮೂಸಿ ನೋಡುವ ಅಭ್ಯಾಸ. ಎಷ್ಟೋ ಸಲ ಮೀಟರ್ ಹೇಳುವ ಮುಂಚೆ ಅವರ ಮೂಗು ಹೇಳುತ್ತಿತ್ತು, ಯಾವ ಭಾಗ ಸುಟ್ಟಿದೆ ಎಂದು.

ಆ ವರ್ಷ ಜುಲೈ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ವಿಲೆ ಪಾರ್ಲೆಯ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನಮ್ಮ ಒಂದು ಸೆಂಟ್ರಲ್ ಮಾನಿಟರ್ ಇತ್ತು. ತಿಂಗಳು ತುಂಬುವ ಮುಂಚೆ ಹುಟ್ಟಿದ ಆರು ಮಕ್ಕಳ ನಾಡಿ, ಉಸಿರು, ರಕ್ತದ ಆಮ್ಲಜನಕ ಎಲ್ಲವೂ ನರ್ಸ್‌ಗಳ ಮೇಜಿನ ಮೇಲಿನ ಒಂದೇ ಪರದೆಯಲ್ಲಿ ಕಾಣುತ್ತಿದ್ದವು. ಆ ದಿನ ಬೆಳಿಗ್ಗೆ ಪರದೆ ನಿಂತುಹೋಗಿತ್ತು.

ನಿಂತುಹೋಗಿತ್ತು ಎಂದರೆ ಆರಿಹೋಗಿರಲಿಲ್ಲ. ತೊಂದರೆಯಾದದ್ದೇ ಅದರಿಂದ. ಆರು ಮಕ್ಕಳ ಅಂಕಿಗಳೂ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಇದ್ದವು. ಎಲ್ಲವೂ ಸರಿಯಾದ ಅಂಕಿಗಳೇ. ಆದರೆ ಇಪ್ಪತ್ತೆರಡು ನಿಮಿಷ ಹಳೆಯವು.

ನಾಲ್ಕು ಮಕ್ಕಳು ಹೊರಗಿನ ಕೋಣೆಯಲ್ಲಿ, ಸೋಂಕಿದ್ದ ಇಬ್ಬರು ಗಾಜಿನ ಬಾಗಿಲಿನ ಒಳಗೆ ಇದ್ದರು. ಪ್ರತಿ ಮಗುವಿನ ಪಕ್ಕದಲ್ಲೂ ಚಿಕ್ಕ ಯಂತ್ರವಿತ್ತು, ಅದು ಕೂಗುತ್ತದೆ. ಆದರೆ ಆ ದಪ್ಪ ಗಾಜು ದಾಟಿ ಸದ್ದು ಹೊರಗೆ ಬರುತ್ತಿರಲಿಲ್ಲ. ಹೊರಗೆ ಕೂತವರಿಗೆ ಕಣ್ಣೂ ಕಿವಿಯೂ ನಮ್ಮ ಪರದೆಯೇ. ಆ ಇಪ್ಪತ್ತೆರಡು ನಿಮಿಷದ ಕೊನೆಯಲ್ಲಿ ಒಳಗಿನ ಒಂದು ಮಗು ಉಸಿರು ನಿಲ್ಲಿಸಿತ್ತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಇದು ಅಪರೂಪವಲ್ಲವಂತೆ. ಅಂಗಾಲಿಗೆ ಬೆರಳಿನಿಂದ ತಟ್ಟಿದರೆ ಮತ್ತೆ ಉಸಿರಾಡುತ್ತವೆ. ತಟ್ಟುವವರು ಮಾತ್ರ ಹತ್ತಿರದಲ್ಲಿ ಇರಬೇಕು.

ಡ್ಯೂಟಿಯಲ್ಲಿದ್ದ ನರ್ಸ್ ಹಾಲೂಡಿಸಿದ ಸಮಯ ಬರೆದುಕೊಳ್ಳಲು ಪರದೆಯ ಮೂಲೆಯ ಗಡಿಯಾರ ನೋಡಿದರು. ಹತ್ತು ಇಪ್ಪತ್ತು. ಕೈಗಡಿಯಾರದಲ್ಲಿ ಹತ್ತು ನಲವತ್ತೆರಡು. ಅವರು ಪುಸ್ತಕ ಅಲ್ಲೇ ಬಿಟ್ಟು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಓಡಿದರು. ಮಗುವಿನ ತುಟಿ ನೀಲಿಯಾಗಿತ್ತು. ಅಂಗಾಲು ತಟ್ಟಿದರು, ಮುಖಕ್ಕೆ ಆಮ್ಲಜನಕ ಹಿಡಿದರು. ಮಗು ಉಸಿರೆಳೆಯಿತು.

ಮರುದಿನ ಬೆಳಿಗ್ಗೆ ಆ ಯಂತ್ರ ಕೋಟ್ಯಾನರ ಮೇಜಿನ ಮೇಲಿತ್ತು. ಅವರು ಅದನ್ನು ಬಿಚ್ಚಿ, ಮೂಸಿ, ತಲೆಯಾಡಿಸಿದರು. ಸುಟ್ಟ ವಾಸನೆ ಇರಲಿಲ್ಲ. ನಾನು ಅದರ ಲಾಗ್ ತೆಗೆದೆ. ಲಾಗ್ ಎಂದರೆ ಯಂತ್ರ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ.

ಇಲ್ಲಿ ಮೆಮೊರಿಯ ಬಗ್ಗೆ ಎರಡು ಮಾತು ಹೇಳಬೇಕು. ಮೆಮೊರಿಯಲ್ಲಿ ಕೋಟಿಗಟ್ಟಲೆ ಪುಟ್ಟ ಕೋಶಗಳು, ಒಂದೊಂದರಲ್ಲಿ ಒಂದು ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದು. ಒಮ್ಮೊಮ್ಮೆ ಒಂದು ಕೋಶ ಹುಚ್ಚು ಹಿಡಿದು ಸೊನ್ನೆಯನ್ನು ಒಂದು ಎನ್ನುತ್ತದೆ. ಅದಕ್ಕೆಂದೇ ನಮ್ಮ ಬೋರ್ಡಿನಲ್ಲಿ ಪ್ರತಿ ಅರವತ್ತನಾಲ್ಕು ಬಿಟ್‌ಗಳ ಮೇಲೆ ಎಂಟು ಬಿಟ್‌ಗಳ ಕಾವಲು ಇತ್ತು. ಇದನ್ನು ಇಸಿಸಿ ಎನ್ನುತ್ತಾರೆ. ಒಂದು ಬಿಟ್ ಕೆಟ್ಟರೆ ಹಾರ್ಡ್‌ವೇರ್ ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ. ಎರಡು ಒಟ್ಟಿಗೆ ಕೆಟ್ಟರೆ, ಕೆಟ್ಟಿದೆ ಎಂದು ಹೇಳಬಲ್ಲದು, ತಿದ್ದಲಾರದು.

ಲಾಗ್‌ನಲ್ಲಿ ಒಂಬತ್ತು ದಿನಗಳಿಂದ ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು: ಒಂದು ಬಿಟ್ ಕೆಟ್ಟಿತ್ತು, ಸರಿಪಡಿಸಲಾಗಿದೆ. ಮೊದಲ ದಿನ ಎರಡು ಸಲ. ಕೊನೆಯ ದಿನ ನೂರಾರು ಸಲ. ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸಾಲು ಬದಲಾಗಿತ್ತು: ಎರಡು ಬಿಟ್ ಕೆಟ್ಟಿದೆ, ಸರಿಪಡಿಸಲಾಗದು. ಕೆಟ್ಟ ಜಾಗವನ್ನು ಬಳಸುತ್ತಿದ್ದದ್ದು ಪರದೆಯ ಮೇಲೆ ಅಂಕಿ ಬರೆಯುವ ಪ್ರೋಗ್ರಾಮು. ಕರ್ನಲ್ ನಿಯಮದ ಪ್ರಕಾರ ಅದನ್ನು ಕೊಂದುಹಾಕಿತ್ತು. ಉಳಿದ ಯಂತ್ರ ಆರೋಗ್ಯವಾಗಿಯೇ ಇತ್ತು. ಪರದೆಯ ಡ್ರೈವರ್‌ಗೆ ಏನೂ ಗೊತ್ತಿಲ್ಲ. ಅದು ಕೊನೆಯ ಚಿತ್ರವನ್ನು ನಿಷ್ಠೆಯಿಂದ ತೋರಿಸುತ್ತಲೇ ಇತ್ತು.

"ಬರ್ದದ್ದು ಉಂಟು ಮೇಡಂ, ಒಂಬತ್ತು ದಿನದಿಂದ," ಎಂದರು ಕೋಟ್ಯಾನ್. "ಓದುವವರು ಯಾರು?"

ಮೆಮೊರಿಯ ಡ್ರೈವರ್ ಬರೆದವಳು ನಾನು. ಮೂರು ವರ್ಷದ ಹಿಂದೆ. ನನ್ನ ಜಾಗಕ್ಕೆ ಬಂದು ಕಂಪ್ಯೂಟರಿನಲ್ಲಿ ಆ ಕೋಡ್ ತೆರೆದೆ. ತಪ್ಪು ಸಿಕ್ಕಾಗ ಲಾಗ್‌ಗೆ ಬರೆಯುವ ಸಾಲು ಇತ್ತು, ಅದರ ಕೆಳಗೆ ನನ್ನದೇ ಟಿಪ್ಪಣಿ: ಮುಂದೆ, ಬೇರೆ ಡ್ರೈವರ್‌ಗಳಿಗೂ ತಿಳಿಸುವ ವ್ಯವಸ್ಥೆ ಮಾಡಬೇಕು. ಅದರ ಪಕ್ಕ ನನ್ನ ಹೆಸರಿನ ಮೊದಲಕ್ಷರ. ಬೇರೆ ಕೆಲಸ ಬಂತು, ಮಾಡಲಿಲ್ಲ. ಆಮೇಲೆ ಮರೆತೆ. ಆ ಟಿಪ್ಪಣಿಯನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ, ಊಟದ ಹೊತ್ತು ಮೀರಿತ್ತು.

ನಮ್ಮ ವಿಭಾಗದ ಮುಖ್ಯಸ್ಥ ದೇಶಮುಖ್ ಸಜ್ಜನ. ಆದರೆ ಕಂಪನಿ ಚಿಕ್ಕದು, ಹೆದರಿಕೆ ದೊಡ್ಡದು. "ಜಯಾ, ರಿಪೋರ್ಟ್ ಛೋಟಾ ರಖೋ," ಎಂದರು. "ಮೆಮೊರಿ ಚಿಪ್ ಖರಾಬ್ ಥಾ, ಬದಲ್ ದಿಯಾ. ಬಸ್." ಚಿಪ್ ಕೆಟ್ಟಿತ್ತು, ಬದಲಾಯಿಸಿದೆವು, ಅಷ್ಟೇ ಬರೆದರೆ ಸಾಕು ಎಂದು. ಅದು ಸುಳ್ಳಲ್ಲ. ಚಿಪ್ ನಿಜವಾಗಿಯೂ ಕೆಟ್ಟಿತ್ತು. ನಾನು ಹಾಗೇ ಅರ್ಧ ಪುಟ ಬರೆದು ಕೊಟ್ಟೆ.

ಶುಕ್ರವಾರ ಯಂತ್ರವನ್ನು ಹಿಂದಿರುಗಿಸಲು ಆಸ್ಪತ್ರೆಗೆ ಹೋಗಿ ಬಂದ ಕೋಟ್ಯಾನ್ ನನ್ನ ಮೇಜಿನ ಬಳಿ ಬಂದು ನಿಂತರು. ಅವರು ಸುಮ್ಮನೆ ನಿಲ್ಲುವವರಲ್ಲ.

"ಆ ಸಿಸ್ಟರ್ ನಮ್ಮ ಊರಿನ ಬದಿಯವರು ಮೇಡಂ. ಸುಗಂಧಿ ಅಂತ ಹೆಸರು. ಅವರ ಮೇಲೆ ಎನ್‌ಕ್ವಯರಿ ಇಟ್ಟಿದ್ದಾರೆ. ಇಪ್ಪತ್ತೆರಡು ನಿಮಿಷ ಸ್ಕ್ರೀನ್ ನಿಂತದ್ದು ಯಾಕೆ ಕಾಣಲಿಲ್ಲ ಅಂತ. ನಮ್ಮ ರಿಪೋರ್ಟ್ ತೋರಿಸಿ ಕೇಳ್ತಾರಂತೆ, ಚಿಪ್ ಹಾಳಾದ್ದು ಸರಿ, ನೀನು ಎಂತ ಮಾಡ್ತಿದ್ದಿ ಅಂತ."

ನನ್ನ ಅರ್ಧ ಪುಟ ಹೀಗೆ ಬಳಕೆಯಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ಅಂಧೇರಿಯಲ್ಲಿ ಲೋಕಲ್ ರೈಲು ಹಿಡಿದು ವಿಲೆ ಪಾರ್ಲೆಗೆ ಹೋದೆ. ಒಂದೇ ಸ್ಟೇಷನ್. ಸ್ಟೇಷನ್ನಿನಿಂದ ಆಸ್ಪತ್ರೆಗೆ ನಡೆದು ಹೋಗುವಾಗ ಏನು ಹೇಳಬೇಕೆಂದು ಎರಡು ಮೂರು ಬಗೆಯಲ್ಲಿ ಮನಸ್ಸಿನಲ್ಲೇ ಹೇಳಿಕೊಂಡೆ. ಸುಗಂಧಿ ಸಿಸ್ಟರ್ ಡ್ಯೂಟಿ ಮುಗಿಸಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಚಪ್ಪಲಿ ಬದಲಾಯಿಸುತ್ತಿದ್ದರು. ನಲವತ್ತೈದರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ನಾನು ಕಂಪನಿಯ ಹೆಸರು ಹೇಳಿದೊಡನೆ ಮುಖ ಬಿಗಿಯಾಯಿತು.

"ತಪ್ಪು ನಂದು ಅಂತ ಬರೆಸಿಕೊಳ್ಳಲಿಕ್ಕೆ ಬಂದದ್ದಾ?"

"ಇಲ್ಲ ಸಿಸ್ಟರ್. ತಪ್ಪು ನಂದು ಅಂತ ಹೇಳೋಕೆ ಬಂದೆ."

ಅವರು ಚಪ್ಪಲಿ ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ನಾನು ಪಕ್ಕದಲ್ಲಿ ಕೂತು ಹೇಳಿದೆ. ಯಂತ್ರಕ್ಕೆ ಒಂಬತ್ತು ದಿನದಿಂದ ಗೊತ್ತಿತ್ತು, ಬರೆದುಕೊಂಡಿತ್ತು, ಯಾರಿಗೂ ಹೇಳಲಿಲ್ಲ, ಹೇಳುವ ದಾರಿಯನ್ನು ನಾನು ಮಾಡಿರಲಿಲ್ಲ ಎಂದು. ತಾಂತ್ರಿಕ ಪದಗಳನ್ನು ಬಿಟ್ಟು ಹೇಳಲು ಹೋಗಿ ಎರಡು ಸಲ ತೊದಲಿದೆ.

ಅವರು ಚಪ್ಪಲಿ ಕೆಳಗಿಟ್ಟರು. ಆಮೇಲೆ ಹೇಳಿದರು. "ಹಸಿರು ಇತ್ತು ಮೇಡಂ. ನಾನು ಆಗಾಗ ನೋಡಿದ್ದೇನೆ. ಹಸಿರೇ ಇತ್ತು. ಕಪ್ಪಾಗಿದ್ರೆ ನಾನು ಕೂತಿರ್ತಿದ್ದೆನಾ? ನಿಮ್ಮ ಮಿಷನ್‌ಗೆ ಗೊತ್ತಿಲ್ಲ ಅಂತಾದ್ರೆ, ಗೊತ್ತಿಲ್ಲ ಅಂತ ಹೇಳ್ಲಿ. ನಾನು ಹೋಗಿ ಮಗುವನ್ನೇ ನೋಡ್ತೇನೆ. ಇಪ್ಪತ್ತು ವರ್ಷ ಹಾಗೇ ಮಾಡಿದ್ದು ನಾವು, ಸ್ಕ್ರೀನ್ ಬರುವ ಮುಂಚೆ."

ಸೋಮವಾರ ದೇಶಮುಖ್ ಅವರ ಕೋಣೆಗೆ ಹೋಗಿ ಹೊಸ ವರದಿ ಇಟ್ಟೆ. ನಾಲ್ಕು ಪುಟ. ಚಿಪ್ ಕೆಟ್ಟದ್ದು, ಒಂಬತ್ತು ದಿನದ ಲಾಗ್, ಪರದೆ ಹಳೆಯ ಅಂಕಿಯನ್ನೇ ತೋರಿಸುತ್ತ ನಿಂತದ್ದು, ನೋಡುವವರಿಗೆ ಅದು ತಿಳಿಯುವ ಯಾವ ಗುರುತೂ ಇರಲಿಲ್ಲ ಎಂಬುದು, ಇದು ವಿನ್ಯಾಸದ ದೋಷ ಎಂಬುದು, ವಿನ್ಯಾಸ ಯಾರದು ಎಂಬುದು. ಅವರು ಓದಿ ಕನ್ನಡಕ ತೆಗೆದರು. "ಇದನ್ನು ಕೊಟ್ಟರೆ ಮುಂದೆ ಏನಾಗುತ್ತದೆ ಗೊತ್ತಾ?" ಎಂದು ಮರಾಠಿಯಲ್ಲಿ ಕೇಳಿದರು. ಗೊತ್ತು ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಮಗನ ಕಾಲೇಜು ಇನ್ನೂ ಮುಗಿದಿರಲಿಲ್ಲ, ಆ ವಯಸ್ಸಿನಲ್ಲಿ ಬೇರೆ ಕೆಲಸ ಸುಲಭವಿರಲಿಲ್ಲ. ಅವರು ಕಿಟಕಿಯ ಕಡೆ ನೋಡುತ್ತ ಕೂತರು. ಕೊನೆಗೆ ಪೆನ್ನು ತೆಗೆದು ಸಹಿ ಹಾಕಿದರು. "ಎರಡು ತಿಂಗಳು," ಎಂದರು. "ಅಷ್ಟರಲ್ಲಿ ಸರಿ ಮಾಡಿ ತೋರಿಸು."

ವರದಿ ಆಸ್ಪತ್ರೆಗೆ ಹೋಯಿತು. ಸುಗಂಧಿ ಸಿಸ್ಟರ್ ಮೇಲಿನ ವಿಚಾರಣೆ ನಿಂತಿತು. ಇನ್ನೆರಡು ಆಸ್ಪತ್ರೆಗಳು ನಮ್ಮ ಯಂತ್ರ ಬೇಡವೆಂದವು. ಕಂಪನಿ ಮುಚ್ಚಲಿಲ್ಲ, ನನ್ನ ಕೆಲಸವೂ ಹೋಗಲಿಲ್ಲ. ಆದರೆ ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಅದನ್ನು ಕೇಳಲು ನನಗೂ ಮುಖವಿರಲಿಲ್ಲ.

ಈಗ ಮಾಡಬೇಕಾದ ಕೆಲಸ ಹೇಳಲು ಸುಲಭ. ಮೆಮೊರಿಯ ಡ್ರೈವರ್‌ಗೆ ತಪ್ಪು ಗೊತ್ತಾದ ಕೂಡಲೇ ಬೇಕಾದವರಿಗೆ ತಿಳಿಯಬೇಕು. ಇದಕ್ಕೆ ನಮ್ಮಲ್ಲಿ ಇರುವ ಉಪಾಯ ಕಾಲ್‌ಬ್ಯಾಕ್. ಹೀಗಾದಾಗ ನನ್ನ ಈ ಫಂಕ್ಷನ್ನನ್ನು, ಅಂದರೆ ಈ ತುಣುಕು ಕೋಡನ್ನು ಕರೆ ಎಂದು ಒಂದು ಡ್ರೈವರ್ ಇನ್ನೊಂದರ ಬಳಿ ಮೊದಲೇ ಹೆಸರು ಬರೆಸಿಡುತ್ತದೆ. ಈ ಬರೆಸುವಿಕೆಯೇ ರಿಜಿಸ್ಟ್ರೇಷನ್. ತಪ್ಪು ಸಂಭವಿಸಿದಾಗ ಮೆಮೊರಿಯ ಡ್ರೈವರ್ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತ ಹೋಗುತ್ತದೆ. ಒಂದು ವಾರದಲ್ಲಿ ಬರೆದುಬಿಟ್ಟೆ. ಪಟ್ಟಿಯಲ್ಲಿ ಮೂವರು: ಆಸ್ಪತ್ರೆಯ ಕಂಪ್ಯೂಟರಿಗೆ ಸುದ್ದಿ ಕಳಿಸುವ ನೆಟ್‌ವರ್ಕ್ ಡ್ರೈವರ್, ಪರದೆಯ ಡ್ರೈವರ್, ಕೂಗುಗಂಟೆಯ ಡ್ರೈವರ್.

ಪರೀಕ್ಷೆಗೆ ನಿಜವಾದ ಕೆಟ್ಟ ಚಿಪ್ ಬೇಕಿಲ್ಲ. ಮೆಮೊರಿ ಕಂಟ್ರೋಲರಿನಲ್ಲೇ ಬೇಕೆಂದಾಗ ಹುಸಿ ತಪ್ಪು ಹುಟ್ಟಿಸುವ ಸೌಲಭ್ಯವಿದೆ. ಕೋಟ್ಯಾನ್ ಅದನ್ನು ಒಂದು ಗುಂಡಿಗೆ ಜೋಡಿಸಿಟ್ಟಿದ್ದರು. ಮೊದಲ ದಿನ ಗುಂಡಿ ಒತ್ತಿದಾಗಲೆಲ್ಲ ಪರದೆ ಕಪ್ಪಾಯಿತು, ಗಂಟೆ ಕೂಗಿತು. ನಾವಿಬ್ಬರೂ ಕೆಳಗಿನ ಹೋಟೆಲಿನಲ್ಲಿ ನೀರ್‌ದೋಸೆ ತಿಂದು ಬಂದೆವು. ಎರಡನೇ ದಿನ ಸುಮಾರು ನಲವತ್ತನೇ ಸಲ ಒತ್ತಿದಾಗ ಪರದೆ ಹಸಿರಾಗಿಯೇ ನಿಂತಿತು. ಗಡಿಯಾರ ನಿಂತಿತು. ಇಡೀ ಯಂತ್ರ ಕಲ್ಲಾಗಿತ್ತು.

ಕೋಟ್ಯಾನ್ ಗುಂಡಿಯಿಂದ ಕೈ ತೆಗೆದು ಹೇಳಿದರು, "ಇದು ಮೊದಲಿಗಿಂತ ಕಡೆ ಆಯ್ತಲ್ಲ ಮೇಡಂ."

ಕಾರಣ ಸಿಗಲು ನಾಲ್ಕು ದಿನ ಬೇಕಾಯಿತು. ಹಾರ್ಡ್‌ವೇರಿನಲ್ಲಿ ತಪ್ಪು ಸಂಭವಿಸಿದಾಗ ಪ್ರೊಸೆಸರ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ತಡೆದು ನಮ್ಮನ್ನು ಕರೆಯುತ್ತದೆ. ಇದು ಇಂಟರಪ್ಟ್. ಈ ಹೊತ್ತಿನಲ್ಲಿ ಯಾರಿಗಾಗಿಯೂ ಕಾಯುವಂತಿಲ್ಲ. ಆದರೆ ನಮ್ಮ ನೆಟ್‌ವರ್ಕ್ ಡ್ರೈವರ್ ಸುದ್ದಿ ಕಳಿಸುವ ಮುಂಚೆ ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಒಂದು ಬೀಗ ಸಿಗಲಿ ಎಂದು ಕಾಯುತ್ತಿತ್ತು. ಆ ಬೀಗ ಯಾರ ಕೈಯಲ್ಲಿತ್ತು? ಈ ಇಂಟರಪ್ಟ್ ಯಾವ ಕೆಲಸವನ್ನು ತಡೆದು ನಿಲ್ಲಿಸಿತ್ತೋ ಅದರ ಕೈಯಲ್ಲಿ. ಇವನು ಮುಗಿಸದೆ ಅವನು ಏಳುವಂತಿಲ್ಲ, ಅವನು ಬೀಗ ಕೊಡದೆ ಇವನು ಮುಗಿಸುವಂತಿಲ್ಲ. ಪಟ್ಟಿಯಲ್ಲಿ ಹಿಂದೆ ನಿಂತಿದ್ದ ಪರದೆಗೆ ಸರದಿಯೇ ಬರಲಿಲ್ಲ.

ಹಾಗಾಗಿ ಪಟ್ಟಿಯನ್ನು ಎರಡು ಮಾಡಿದೆ. ಒಂದು ತಕ್ಷಣದ ಪಟ್ಟಿ. ಇಂಟರಪ್ಟ್ ಹೊತ್ತಿನಲ್ಲೇ ಕರೆಯಬೇಕಾದವರು, ಕಾಯದೆ ಒಂದೆರಡು ಚಿಕ್ಕ ಕೆಲಸ ಮಾಡಿ ಹಿಂದಿರುಗಬೇಕಾದವರು. ಅದರಲ್ಲಿ ಪರದೆ ಮೊದಲು, ಗಂಟೆ ಆಮೇಲೆ. ಇನ್ನೊಂದು ನಿಧಾನದ ಪಟ್ಟಿ. ಸುದ್ದಿ ಕಳಿಸುವವರು, ಬರೆಯುವವರು ಎಲ್ಲರೂ ಅಲ್ಲಿಗೆ. ಇಂಟರಪ್ಟ್ ಮುಗಿದ ಮೇಲೆ ಅವರ ಸರದಿ. ಯಾವ ಪಟ್ಟಿ ಎಂದು ಹೇಳದೆ ಯಾರೂ ಹೆಸರು ಬರೆಸುವಂತಿಲ್ಲ ಎಂದು ನಿಯಮ ಮಾಡಿದೆ. ಇಷ್ಟೂ ಹೊತ್ತು ನನಗೆ ಸುಗಂಧಿ ಸಿಸ್ಟರ್ ಹೇಳಿದ ಮಾತೇ ಅಳತೆಗೋಲಾಗಿತ್ತು. ಮೊದಲು ಆಗಬೇಕಾದದ್ದು ಏನು? ಪರದೆ ಕಪ್ಪಾಗಬೇಕು. ಉಳಿದದ್ದೆಲ್ಲ ಆಮೇಲೆ.

ಇನ್ನೊಂದು ಪೆಟ್ಟು ಬಾಕಿ ಇತ್ತು. ಆಸ್ಪತ್ರೆಯಲ್ಲಿ ಸಾಫ್ಟ್‌ವೇರ್ ಹೊಸದು ಮಾಡುವಾಗ ಯಂತ್ರವನ್ನು ಪೂರ್ತಿ ನಿಲ್ಲಿಸುವುದಿಲ್ಲ; ಒಂದೊಂದೇ ಡ್ರೈವರ್ ತೆಗೆದು ಹೊಸದು ಹಾಕುತ್ತೇವೆ. ಕೋಟ್ಯಾನ್ ಪರದೆಯ ಡ್ರೈವರನ್ನು ತೆಗೆಯುವುದು, ಹಾಕುವುದು, ನಡುವೆ ಹುಸಿ ತಪ್ಪು ಹುಟ್ಟಿಸುವುದು ಎಂದು ಮೂರು ದಿನ ಬಿಡದೆ ಓಡಿಸಿದರು. ಮೂರನೇ ದಿನ ಯಂತ್ರ ಒಮ್ಮೆಲೇ ಕೆಲಸ ನಿಲ್ಲಿಸಿತು. ಡ್ರೈವರ್ ಪಟ್ಟಿಯಿಂದ ಹೆಸರು ತೆಗೆಸಿಕೊಂಡು ಹೊರಟಿತ್ತು, ಆದರೆ ಅಷ್ಟರಲ್ಲಿ ಮೆಮೊರಿಯ ಡ್ರೈವರ್ ಕಡೆಯಿಂದ ಅದನ್ನು ಕರೆಯಲು ಒಬ್ಬ ಹೊರಟಾಗಿತ್ತು. ಅವನು ತಲುಪುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ಖಾಲಿ ಮೆಮೊರಿ.

ಇದಕ್ಕೆ ಪರಿಹಾರ ಪುಸ್ತಕದಲ್ಲೇ ಇತ್ತು. ಹೆಸರು ತೆಗೆದ ಮೇಲೆ, ಈಗಾಗಲೇ ಹೊರಟ ಕರೆಗಳೆಲ್ಲ ಮುಗಿಯುವ ತನಕ ಡ್ರೈವರ್ ಹೋಗದೆ ನಿಂತಿರಬೇಕು. ಅದನ್ನು ಸೇರಿಸಿದೆ. ಆದರೆ ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ಸಿಸ್ಟರ್ ಅವರಿಂದಲೇ ಬಂತು. ಪರದೆ ಕಪ್ಪಾದಾಗ ಮೇಲೆ ಯಾವ ಅಕ್ಷರ ಬರಬೇಕು ಎಂದು ಕೇಳಲು ಇನ್ನೊಂದು ಸಲ ಪಾರ್ಲೆಗೆ ಹೋಗಿದ್ದೆ. ಆಗ ಅವರ ಡ್ಯೂಟಿ ಬದಲಾಗುವ ಹೊತ್ತು. ಒಳಗೆ ಬಂದ ನರ್ಸ್‌ಗೆ ಸುಗಂಧಿ ಒಂದೊಂದು ಮಗುವಿನ ಹತ್ತಿರ ನಿಂತು ಬೆಳಿಗ್ಗೆಯಿಂದ ಆದದ್ದನ್ನು ಹೇಳುತ್ತಿದ್ದರು. ಹಳೆಯ ಡ್ರೈವರ್ ಹೋಗಿ ಹೊಸದು ಬರುವ ಕಥೆಯನ್ನು ಅವರಿಗೆ ಆಗಲೇ ಹೇಳಿದ್ದೆ. ಮುಗಿಸಿ ಬಂದು ನನ್ನನ್ನು ಕೇಳಿದರು.

"ನಿಮ್ಮ ಹೊಸ ಡ್ರೈವರ್ ಬಂದು ಕೂತ ಮೇಲೆ, ಮೊದಲು ಆದದ್ದು ಅದಕ್ಕೆ ಯಾರು ಹೇಳ್ತಾರೆ?"

ಯಾರೂ ಹೇಳುತ್ತಿರಲಿಲ್ಲ. ಹಳೆಯ ಡ್ರೈವರ್ ಹೋಗಿ ಹೊಸದು ಬರುವ ನಡುವಿನ ಆ ಒಂದು ಕ್ಷಣದಲ್ಲಿ ತಪ್ಪು ಸಂಭವಿಸಿದರೆ ಹೊಸದಕ್ಕೆ ಅದು ಗೊತ್ತೇ ಆಗದು. ಅದು ಬಂದು ಹಸಿರು ತೋರಿಸುತ್ತ ಕೂರುತ್ತದೆ. ನಾನು ಬ್ಯಾಗಿನಿಂದ ಬಸ್ ಪಾಸಿನ ಹಳೆಯ ಲಕೋಟೆ ತೆಗೆದು ಅದರ ಹಿಂದೆ ಗೀಚಿಕೊಂಡೆ: ಹೆಸರು ಬರೆಸಿದ ಕೂಡಲೇ ಈಗಿನ ಸ್ಥಿತಿಯನ್ನು ಹೇಳಬೇಕು.

ಅಕ್ಷರದ ವಿಷಯಕ್ಕೂ ಅವರೇ ತೀರ್ಪು ಕೊಟ್ಟರು. ನಾನು ಬರೆದುಕೊಂಡು ಹೋಗಿದ್ದದ್ದು ಎರಡು ಸಾಲಿನ ತಾಂತ್ರಿಕ ಸೂಚನೆ. ಅವರು ಓದಿ ನಕ್ಕರು. "ಇದನ್ನು ಓದಿ ಮುಗಿಸುವಷ್ಟರಲ್ಲಿ ಮಗು ಉಳಿಯಬೇಕಲ್ಲ. ಮಗುವನ್ನು ನೋಡಿ ಅಂತ ಹಾಕಿ. ಹಿಂದಿ, ಮರಾಠಿ, ಇಂಗ್ಲಿಷ್. ಸಾಕು." ಹಾಗೇ ಹಾಕಿದೆವು. ಕಪ್ಪು ಪರದೆ, ಅದರ ಮೇಲೆ ಮೂರು ಭಾಷೆಯಲ್ಲಿ ದಪ್ಪ ಬಿಳಿ ಅಕ್ಷರ. ಸರಿಪಡಿಸಬಲ್ಲ ಚಿಕ್ಕ ತಪ್ಪುಗಳು ಒಂದು ದಿನದಲ್ಲಿ ಮಿತಿ ಮೀರಿದರೆ ಮೂಲೆಯಲ್ಲಿ ಹಳದಿ ದೀಪ, ಜೊತೆಗೆ ನಮ್ಮ ಸರ್ವಿಸ್ ಫೋನ್ ನಂಬರ್.

ಎರಡು ತಿಂಗಳಿಗೆ ಮೂರು ದಿನ ಬಾಕಿ ಇರುವಾಗ ದೇಶಮುಖ್ ಲ್ಯಾಬಿಗೆ ಬಂದರು. ಕುರ್ಚಿ ಎಳೆದುಕೊಂಡು ಕೋಟ್ಯಾನರ ಗುಂಡಿಯನ್ನು ತಾವೇ ಒತ್ತತೊಡಗಿದರು. ಒಂದು ಗಂಟೆ ಒತ್ತಿದರು ಎಂದು ನೆನಪು. ಪ್ರತಿ ಸಲವೂ ಪರದೆ ಕಪ್ಪಾಯಿತು. ಎದ್ದು ಹೋಗುವಾಗ ಹೆಬ್ಬೆರಳು ನೋಡಿಕೊಂಡು, "ದುಖ್‌ತಂಯ್," ಎಂದರು. ನೋಯುತ್ತಿದೆ ಎಂದು ಅರ್ಥ. ಅವರು ನಮ್ಮ ಕೆಲಸದ ಬಗ್ಗೆ ಆಡಿದ ಹೊಗಳಿಕೆ ಅಷ್ಟೇ.

ಆ ದಿನಗಳನ್ನು ಈಗ ನೆನೆದರೆ ನನಗೆ ಮೊದಲು ನೆನಪಾಗುವುದು ಕೋಡ್ ಅಲ್ಲ, ಆ ಲ್ಯಾಬಿನ ಸದ್ದು. ಮಳೆಗಾಲದ ತೇವಕ್ಕೆ ಕಿರುಗುಡುತ್ತಿದ್ದ ಫ್ಯಾನು, ಕೆಳಗೆ ಆಟೋಗಳ ಗದ್ದಲ, ವಿಮಾನ ಇಳಿಯುವಾಗಲೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸುವ ಕೋಟ್ಯಾನ್. ನನ್ನ ಮೈಸೂರಿನ "ಕಣ್ರೀ"ಗೆ ಅವರು ನಗುತ್ತಿದ್ದರು, ಅವರ "ಎಂತದು"ವಿಗೆ ನಾನು. ಈಗ ಆ ಎಸ್ಟೇಟು ಇಲ್ಲ. ಅಲ್ಲಿ ಗಾಜಿನ ಆಫೀಸು ಕಟ್ಟಡ ಎದ್ದಿದೆ. ಕಂಪನಿ ನವಿ ಮುಂಬಯಿಗೆ ಹೋಯಿತು, ದೇಶಮುಖ್ ನಿವೃತ್ತರಾಗಿ ಪುಣೆಗೆ ಹೋದರು. ನಾನು ಮನೆಯಲ್ಲಿ ಕೂತು ಎರಡು ವರ್ಷವಾಯಿತು.

ನಾವಿನ್ನೂ ಆ ಎಸ್ಟೇಟಿನಲ್ಲೇ ಇದ್ದಾಗಿನ ಮಾತು; ಹೊಸ ಸಾಫ್ಟ್‌ವೇರ್ ಹಾಕಿದ ಯಂತ್ರ ಪಾರ್ಲೆಯ ಆಸ್ಪತ್ರೆಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಮೊಬೈಲ್ ಬಡಿದುಕೊಂಡಿತು. ಸುಗಂಧಿ ಸಿಸ್ಟರ್.

"ಮೇಡಂ, ನಿಮ್ಮ ಸ್ಕ್ರೀನ್ ಕಪ್ಪಾಯ್ತು. ಗಂಟೆ ಹೊಡೀತು."

"ಮಕ್ಕಳು?"

"ಆರೂ ಚೆನ್ನಾಗುಂಟು. ನಾವು ಮೂವರು ಇದ್ದೆವು. ಒಬ್ಬೊಬ್ಬರು ಎರಡೆರಡು ಮಗುವಿನ ಹತ್ತಿರ ನಿಂತಿದ್ದೇವೆ. ನಾನು ಒಳಗಿನ ಕೋಣೆಯಿಂದಲೇ ಮಾತಾಡ್ತಾ ಇರೋದು. ನೀವು ಇನ್ನೊಂದು ಮಿಷನ್ ಕಳಿಸಿ, ಅಲ್ಲಿಯ ತನಕ ನಾವು ಇಲ್ಲಿಂದ ಕದಲುವುದಿಲ್ಲ."

ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ಅಡುಗೆಗೆ ಉಪ್ಪು ಮುಗಿದಿದೆ, ತನ್ನಿ ಎನ್ನುವ ಹಾಗೆ ಹೇಳಿದರು. ನಾನು ಲ್ಯಾಬಿಗೆ ಓಡಿಹೋಗಿ ಕೋಟ್ಯಾನರಿಗೆ ವಿಷಯ ತಿಳಿಸಿದೆ. ಅವರು ಕಪಾಟಿನಲ್ಲಿದ್ದ ಬದಲಿ ಯಂತ್ರವನ್ನು ಎದೆಗವಚಿ ಎತ್ತಿಕೊಂಡು ಮೆಟ್ಟಿಲಿಳಿದರು. ಕಿಟಕಿಯಿಂದ ನೋಡಿದೆ. ಆಟೋದಲ್ಲಿ ಯಂತ್ರವನ್ನು ಸೀಟಿನ ಮೇಲಿಡದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಳ್ಳೆಯ ಎಂಜಿನಿಯರ್ ಮಾಡಿದ ಯಂತ್ರ ಕೆಡುವುದಿಲ್ಲ ಎಂದು ನಾನು ನಂಬಿದ್ದೆ. ಕೆಡುತ್ತದೆ, ಚಿಪ್ ಯಾರ ಮಾತನ್ನೂ ಕೇಳುವುದಿಲ್ಲ. ಕೆಟ್ಟದ್ದನ್ನು ಕಂಡುಹಿಡಿದು ಎಲ್ಲೋ ಒಂದು ಕಡೆ ಬರೆದಿಟ್ಟರೆ ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡದ್ದು ನನ್ನ ವೃತ್ತಿಜೀವನದ ದೊಡ್ಡ ತಪ್ಪು. ಅದು ಯಾರ ಕೈಗೆ, ಎಷ್ಟು ಬೇಗ ಮುಟ್ಟಬೇಕು ಎನ್ನುವುದನ್ನು ಆ ಕೈಯನ್ನೇ ಕಂಡು ಕೇಳಬೇಕಿತ್ತು. ನಾನು ಮೂರು ವರ್ಷ ತಡವಾಗಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಿದೆ.

ಆ ದಿನ ಸಂಜೆ ಕೋಟ್ಯಾನ್ ಹಿಂದಿರುಗಿದಾಗ ಹೇಗಾಯಿತು ಎಂದು ಕೇಳಿದೆ. "ಹೊಸ ಮಿಷನ್ ಸ್ಟಾರ್ಟ್ ಆಗಿ ಆರು ನಂಬರೂ ಬಂತು ಮೇಡಂ," ಎಂದರು. "ಆದರೂ ಆ ಸಿಸ್ಟರ್ ಪ್ರತಿಯೊಂದು ಮಗುವಿನ ನಾಡಿ ಕೈಯಲ್ಲಿ ಹಿಡಿದು ನೋಡಿ, ನಂಬರ್ ಜೊತೆ ತಾಳೆ ಹಾಕಿದ ಮೇಲೆಯೇ ನನ್ನನ್ನು ಹೊರಗೆ ಬಿಟ್ಟದ್ದು."